ಮೇರಿ ಜೇನಳ ಕಣ್ಸನ್ನೆ

ಮಳೆಗಾಲದಲ್ಲಿ ಹಸಿ ಸೌದೆ ಹೊತ್ತಿಕೊಳ್ಳದೆ ಸತಾಯಿಸುವಾಗ ನಮ್ಮಜ್ಜಿ ಮೊದಲು ಊದುಗೊಳವೆ ಹಿಡಿಯುತ್ತಿದ್ದಳು. ಊದಿ ಊದಿ ಕೆನ್ನೆ ನೋಯುವವರೆಗೆ, ಹೊಗೆಗೆ ಕಣ್ಣು ಕೆಂಪಾಗುವವರೆಗೆ. ಆಮೇಲೆ ಒಮ್ಮೆ ಬಾಗಿಲ ಕಡೆ ನೋಡುವಳು. ಅಜ್ಜ ಜಗಲಿಯಲ್ಲಿದ್ದಾನೆ, ಸದ್ಯಕ್ಕೆ ಒಳಗೆ ಬರುವ ಲಕ್ಷಣವಿಲ್ಲ ಎಂದು ಖಾತ್ರಿಯಾದ ಮೇಲೆ ಮೂಲೆಯ ಡಬ್ಬಕ್ಕೆ ಕೈಹಾಕಿ ಒಂದು ಗುಟುಕಿನಷ್ಟು ಸೀಮೆಎಣ್ಣೆಯನ್ನು ಒಲೆಗೆ ಚಿಮುಕಿಸುವಳು. ಭುಗ್ಗೆಂದು ಬೆಂಕಿ ಏಳುವುದು. ಆ ಬೆಳಕಿನಲ್ಲಿ ಅವಳು ನನ್ನತ್ತ ತಿರುಗಿ ಒಂದು ಕಣ್ಣನ್ನು ಮುಚ್ಚಿ ತೆರೆಯುವಳು. ಮಾತಿಲ್ಲ. ‘ಅಜ್ಜಂಗೆ ಹೇಳ್ಬೇಡ’ ಎನ್ನುವುದೆಲ್ಲ ಅದರಲ್ಲೇ ಇರುತ್ತಿತ್ತು. ಆರು ವರ್ಷದ ನನಗೆ ಮನೆಯ ದೊಡ್ಡದೊಂದು ಗುಟ್ಟಿನಲ್ಲಿ ಪಾಲು ಸಿಕ್ಕ ಹಾಗಾಗುತ್ತಿತ್ತು.

ಅದೇ ಕಣ್ಸನ್ನೆಯನ್ನು ನಾನು ಮತ್ತೆ ಕಂಡದ್ದು ಅಜ್ಜಿ ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ, 1903ರ ಒಂದು ಬ್ರಿಟಿಷ್ ಮೂಕಿ ಚಿತ್ರದಲ್ಲಿ.

ಚಿತ್ರದ ಹೆಸರು ‘ಮೇರಿ ಜೇನ್ಸ್ ಮಿಸ್‌ಹ್ಯಾಪ್’. ಮೇರಿ ಜೇನಳ ಅವಘಡ ಎನ್ನಬಹುದು. ನಾಲ್ಕು ನಿಮಿಷದಷ್ಟು ಉದ್ದ. ಬೆಳಗಿನ ಹೊತ್ತು, ಒಂದು ಅಡುಗೆಮನೆ. ಮನೆಗೆಲಸದ ಮೇರಿ ಜೇನ್ ಇನ್ನೂ ನಿದ್ದೆ ಬಿಡದ ಮೈಯನ್ನು ಎಳೆದುಕೊಂಡು ಬರುತ್ತಾಳೆ, ಬಾಯಿ ಅಗಲಿಸಿ ಆಕಳಿಸುತ್ತಾಳೆ. ಬೂಟುಗಳಿಗೆ ಪಾಲಿಶ್ ಹಾಕುತ್ತ ಹಾಕುತ್ತ ಅದರ ಕರಿ ಮೇಲ್ದುಟಿಗೆ ಹತ್ತಿ ಮೀಸೆ ಮೂಡುತ್ತದೆ. ಅವಳಿಗೆ ಅದರಲ್ಲೂ ಒಂದು ಮೋಜು. ಒಲೆ ಹೊತ್ತುವುದಿಲ್ಲ. ಆಗ ಅವಳು ಸೀಮೆಎಣ್ಣೆಯ ಡಬ್ಬ ಎತ್ತಿಕೊಳ್ಳುತ್ತಾಳೆ. ಎತ್ತಿಕೊಂಡವಳು ನೇರ ನಮ್ಮ ಕಡೆ ನೋಡಿ ಕಣ್ಣು ಹೊಡೆಯುತ್ತಾಳೆ. ಆಮೇಲೆ ಧಾರಾಳವಾಗಿ ಸುರಿಯುತ್ತಾಳೆ. ಸ್ಫೋಟ. ಮರುಕ್ಷಣ ಊರಿನ ಮಾಡುಗಳ ಸಾಲು. ಹೊಗೆಗೂಡಿನಿಂದ ಮೇರಿ ಜೇನ್ ಆಕಾಶಕ್ಕೆ ಚಿಮ್ಮುತ್ತಾಳೆ, ಕೈಕಾಲುಗಳು ಒಂದೊಂದಾಗಿ ಕೆಳಗೆ ಉದುರುತ್ತವೆ.

ಅವರು ಅದನ್ನು ಪ್ಯಾರಫಿನ್ ಎನ್ನುತ್ತಾರೆ. ನಮಗೆ ಅದು ಪರಸೀಮೆಯಿಂದ ಹಡಗು ಹತ್ತಿ ಬಂದದ್ದು ಎಂಬ ನೆನಪಿಗೆ ಸೀಮೆಎಣ್ಣೆ. ಸೀಮೆಸುಣ್ಣ, ಸೀಮೆಬದನೆಗಳ ಸಾಲಿನದು. ಉತ್ತರ ಕರ್ನಾಟಕದ ಮನೆಗಳಲ್ಲಿ ಇದಕ್ಕೇ ಚಿಮಣಿ ಎಣ್ಣೆ ಎನ್ನುತ್ತಾರೆ. ಚಿಮಣಿಯಿಂದಲೇ ಹಾರಿಹೋದ ಮೇರಿ ಜೇನಳನ್ನು ಕಂಡ ಮೇಲೆ ಆ ಮಾತು ಕೇಳಿದಾಗಲೆಲ್ಲ ನನಗೆ ಎದೆ ಒಂದು ಸಲ ಝಲ್ಲೆನ್ನುತ್ತದೆ. ಆ ಕಾಲದ ಬ್ರಿಟನ್ನಿನಲ್ಲಿ ಚಳಿಗೆ ಮುದುಡಿದ ಬೆಳಗಿನಲ್ಲಿ ಎಲ್ಲರಿಗಿಂತ ಮೊದಲು ಎದ್ದು ಒಲೆ ಹೊತ್ತಿಸಬೇಕಾಗಿದ್ದವಳು ಮನೆಗೆಲಸದ ಹುಡುಗಿ. ಅವಸರಕ್ಕೆ ಪ್ಯಾರಫಿನ್ ಸುರಿಯುವುದು ಎಷ್ಟು ಅಪಾಯವೆಂದು ನೋಡುವವರಿಗೆಲ್ಲ ಗೊತ್ತಿತ್ತು. ಚಿತ್ರದ ನಗುವಿನ ಕೆಳಗೆ ನಿಜವಾದ ಭಯವೊಂದು ಕೂತಿದೆ. ಅಷ್ಟಿದ್ದೂ ನಾನು ನಗುತ್ತೇನೆ, ಪ್ರತಿ ಸಲವೂ. ನಗಿಸುವುದು ಅವಳ ಕಣ್ಣು.

ಆ ಕಣ್ಣಿನ ಒಡತಿಯ ಹೆಸರು ಲಾರಾ ಬೇಲಿ. ಹುಟ್ಟಿದ್ದು 1862ರಲ್ಲಿ. ಅಕ್ಕತಂಗಿಯರೆಲ್ಲ ರಂಗಭೂಮಿಯವರು. ಇಂಗ್ಲೆಂಡಿನ ದಕ್ಷಿಣ ಕಡಲತೀರದ ಬ್ರೈಟನ್ ಊರಿನ ಪ್ಯಾಂಟೊಮೈಮ್, ಬರ್ಲೆಸ್ಕ್ ಆಟಗಳಲ್ಲಿ ಹಾಡಿ ಕುಣಿದು ನಗಿಸಿದವರು. ಪ್ಯಾಂಟೊಮೈಮ್ ಎಂದರೆ ನಾವು ಅಂದುಕೊಳ್ಳುವ ಮೂಕಾಭಿನಯವಲ್ಲ. ಬ್ರಿಟನ್ನಿನವರಿಗೆ ಅದು ಕ್ರಿಸ್‌ಮಸ್ ಕಾಲದ ಭರಪೂರ ಗದ್ದಲದ ನಾಟಕ. ಸಿಂಡ್ರೆಲ್ಲಾಳಂಥ ಕಥೆ, ಹಾಡು, ಚೇಷ್ಟೆ, ಗಂಡುವೇಷದ ಹೆಣ್ಣು, ಹೆಣ್ಣುವೇಷದ ಗಂಡು. ಅಲ್ಲಿ ನಟಿಗೂ ಪ್ರೇಕ್ಷಕರಿಗೂ ನಡುವೆ ಗೋಡೆಯಿಲ್ಲ. ನಟಿ ಕತೆಯ ನಡುವೆಯೇ ಜನರ ಕಡೆ ತಿರುಗಿ ಗುಟ್ಟು ಹೇಳುತ್ತಾಳೆ, ಜನ ಕೂಗಿ ಉತ್ತರ ಕೊಡುತ್ತಾರೆ, ಕಳ್ಳ ಹಿಂದೆ ನಿಂತಿದ್ದರೆ ಮಕ್ಕಳೆಲ್ಲ ಒಟ್ಟಾಗಿ ಅರಚಿ ಎಚ್ಚರಿಸುತ್ತವೆ. ನಮ್ಮ ಕಂಪನಿ ನಾಟಕಗಳಲ್ಲಿ ಹಾಡು ಮುಗಿಯುವ ಮೊದಲೇ ‘ಒನ್ಸ್ ಮೋರ್’ ಎಂಬ ಕೂಗು ಏಳುತ್ತಿದ್ದುದನ್ನು, ಯಕ್ಷಗಾನದ ಹಾಸ್ಯಗಾರ ಮುಂದಿನ ಸಾಲಿನವನ ಮೀಸೆಯನ್ನೇ ಮಾತಿಗೆ ಎಳೆದುಕೊಳ್ಳುವುದನ್ನು ಬಲ್ಲವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಕಣ್ಣು ಹೊಡೆಯುವುದು ಲಾರಾ ಆ ರಂಗದಿಂದ ಹೊತ್ತುತಂದ ವಿದ್ಯೆ.

ಆದರೆ ರಂಗದ ಮೇಲೆ ಕಣ್ಣು ಹೊಡೆದರೆ ಅದು ಯಾರಿಗೋ ತಾಗುತ್ತದೆ. ಸಾವಿರ ಜನರ ಕತ್ತಲಲ್ಲಿ ಒಂದು ನಗು ಪುಟಿಯುತ್ತದೆ, ಅದು ಇನ್ನೊಂದು ನಗುವನ್ನು ಹೊತ್ತಿಸುತ್ತದೆ. ನಟಿಗೆ ಅದೇ ಉಸಿರು. 1903ರಲ್ಲಿ ಲಾರಾ ಕಣ್ಣು ಹೊಡೆದಾಗ ಅವಳ ಎದುರಿಗೆ ಇದ್ದದ್ದು ಮೂರು ಕಾಲಿನ ಮೇಲೆ ನಿಂತ ಒಂದು ಮರದ ಪೆಟ್ಟಿಗೆ, ಅದರ ಹಿಡಿ ತಿರುಗಿಸುವ ಒಂದು ಕೈ. ಸೆಕೆಂಡಿಗೆ ಸುಮಾರು 16 ಚಿತ್ರ. ಕೈ ಹೆಚ್ಚುಕಡಿಮೆ ಎರಡು ಸುತ್ತು ತಿರುಗಬೇಕು. ಕಟಕಟ ಸದ್ದಷ್ಟೇ ಉತ್ತರ. ನಗುವವರು ಯಾರೂ ಇಲ್ಲ.

ನನಗೆ ಬೆರಗು ಹುಟ್ಟುವುದು ಇಲ್ಲಿ. ಮೂಕಿ ಕಾಲದ ಬಗ್ಗೆ ಮಾತು ಬಂದಾಗ ಸಾಮಾನ್ಯವಾಗಿ ನಾವು ಯಂತ್ರಕ್ಕೆ ಬೆರಗಾಗುತ್ತೇವೆ. ನಿಂತ ಚಿತ್ರಗಳು ಓಡಿದವಲ್ಲ ಎನ್ನುತ್ತೇವೆ. ಯಂತ್ರವನ್ನು ಬಿಚ್ಚಿ ತೋರಿಸಿದರೆ ನನಗೂ ಅರ್ಥವಾಗುತ್ತದೆ: ಅಂಚಿನಲ್ಲಿ ತೂತುಗಳಿರುವ ಪಟ್ಟಿ, ಅದನ್ನು ಕ್ಷಣಕ್ಷಣಕ್ಕೂ ಎಳೆದು ನಿಲ್ಲಿಸುವ ಉಗುರು, ನಡುವೆ ಮುಚ್ಚಿ ತೆರೆಯುವ ರೆಕ್ಕೆ. ಅರ್ಥವಾಗದೆ ಉಳಿಯುವುದು ಆ ಹೆಂಗಸಿನ ಧೈರ್ಯ. ಅಲ್ಲಿ ಯಾರೂ ಇಲ್ಲದಿರುವಾಗ ಅಲ್ಲೊಬ್ಬರು ಇದ್ದಾರೆ ಎಂದು ನಂಬಿ ಗುಟ್ಟು ಹೇಳಿಕೊಳ್ಳುವ ಆ ಸಲಿಗೆಯನ್ನು ಅವಳು ಎಲ್ಲಿಂದ ತಂದಳು? ಪೆಟ್ಟಿಗೆಯ ಗಾಜಿನ ಹಿಂದೆ ಯಾವ ಊರಿನವರು, ಯಾವ ಕಾಲದವರು, ಎಷ್ಟು ಜನ ಕೂತಿರುತ್ತಾರೆ ಎಂಬುದನ್ನು ಯಾರೂ ಅವಳಿಗೆ ಹೇಳಿಕೊಡುವ ಹಾಗಿರಲಿಲ್ಲ. ಹೇಳಿಕೊಡಬಲ್ಲ ಗುರು ಆಗಿನ್ನೂ ಹುಟ್ಟಿರಲಿಲ್ಲ.

ಹಿಡಿ ತಿರುಗಿಸುವ ಆ ಮನುಷ್ಯನ ಕತೆಯೂ ಸಣ್ಣದಲ್ಲ. ಲಾರಾ 1888ರಲ್ಲಿ ಮದುವೆಯಾದ ಜಾರ್ಜ್ ಆಲ್ಬರ್ಟ್ ಸ್ಮಿತ್ ಬ್ರೈಟನ್ನಿನಲ್ಲಿ ಸಂಮೋಹನದ ಆಟ ತೋರಿಸುತ್ತಿದ್ದವನು. ಕಣ್ಣು ಕಟ್ಟಿಕೊಂಡು ಇನ್ನೊಬ್ಬರ ಮನಸ್ಸಿನಲ್ಲಿರುವುದನ್ನು ಹೇಳುವ ಪ್ರದರ್ಶನಗಳಿಂದ ಹೆಸರು ಮಾಡಿ, ದೆವ್ವ, ಪರಚಿತ್ತಜ್ಞಾನ ಮುಂತಾದವನ್ನು ವಿಜ್ಞಾನದ ಕಣ್ಣಿನಿಂದ ಪರೀಕ್ಷಿಸಲು ಹುಟ್ಟಿಕೊಂಡಿದ್ದ ಸೊಸೈಟಿ ಫಾರ್ ಸೈಕಿಕಲ್ ರಿಸರ್ಚ್ ಎಂಬ ಸಂಸ್ಥೆಯಲ್ಲೂ ಕೆಲಸ ಮಾಡಿದ. ಆ ಪ್ರದರ್ಶನಗಳೆಲ್ಲ ಸಂಜ್ಞೆಗಳ ಚಮತ್ಕಾರ ಎಂದು ಅವನ ಜೊತೆಗಾರ ಡಗ್ಲಾಸ್ ಬ್ಲ್ಯಾಕ್‌ಬರ್ನ್ ಎಷ್ಟೋ ವರ್ಷಗಳ ಮೇಲೆ ಬರೆದ, ಸ್ಮಿತ್ ಒಪ್ಪಲಿಲ್ಲ. 1892ರಲ್ಲಿ ಸ್ಮಿತ್ ಬ್ರೈಟನ್ನಿಗೆ ಅಂಟಿಕೊಂಡ ಹೋವ್ ಊರಿನ ಸೇಂಟ್ ಆನ್ಸ್ ವೆಲ್ ಎಂಬ ತೋಟವನ್ನು ಗುತ್ತಿಗೆಗೆ ಹಿಡಿದು ಜನ ಬಂದು ನಲಿಯುವ ಜಾಗ ಮಾಡಿದ. ಮಂಗಗಳು, ಬಿಸಿಗಾಳಿಯ ಬಲೂನು, ಭವಿಷ್ಯ ಹೇಳುವವಳು, ಗುಹೆಯಲ್ಲೊಬ್ಬ ಸನ್ಯಾಸಿ, ಸಂಜೆಗೆ ಗಾಜಿನ ಪಟಗಳನ್ನು ಒಂದರೊಳಗೊಂದು ಕರಗಿಸುವ ಮ್ಯಾಜಿಕ್ ಲ್ಯಾಂಟರ್ನ್. ಕಬ್ಬಿಣದ ಅಂಶವಿರುವ ನೀರಿನ ಬುಗ್ಗೆಯೊಂದು ಆ ತೋಟದಲ್ಲಿತ್ತು. ರೋಗ ವಾಸಿಯಾಗಲೆಂದು ಜನ ಕುಡಿಯುತ್ತಿದ್ದ ಆ ಬುಗ್ಗೆಯ ಪಂಪ್‌ಹೌಸಿನಲ್ಲೇ ಸ್ಮಿತ್ ಮುಂದೆ ಫಿಲ್ಮು ತೊಳೆದ. ಕ್ಯಾಮೆರಾ ಮಾಡಿಕೊಟ್ಟವನು ಬ್ರೈಟನ್ನಿನ ಯಂತ್ರಕುಶಲಿ ಆಲ್ಫ್ರೆಡ್ ಡಾರ್ಲಿಂಗ್.

ಬಲೂನು, ಮಂಗ, ಬುಗ್ಗೆ, ಭವಿಷ್ಯಗಳ ಆ ತೋಟದಲ್ಲಿ ಲಾರಾ ಸಿನಿಮಾ ನಟಿಯಾದಳು. ಹಾಗೆ ಬರೆದುಬಿಟ್ಟೆ, ಆದರೆ ಅಂಥ ಕಸುಬೇ ಆಗ ಇರಲಿಲ್ಲ. ಪರದೆಯ ಮೇಲೆ ನಟರ ಹೆಸರು ಹಾಕುವ ಪದ್ಧತಿ ಬೇರೂರಿದ್ದು 1910ರ ಆಚೀಚೆ. ಲಂಡನ್ನಿನ ಬಳಿ ವಾಲ್ಟನ್ನಿನಲ್ಲಿ ಚಿತ್ರ ತೆಗೆಯುತ್ತಿದ್ದ ಸೆಸಿಲ್ ಹೆಪ್‌ವರ್ತ್ ಅದೇ 1903ರಲ್ಲಿ ‘ಆಲಿಸ್ ಇನ್ ವಂಡರ್‌ಲ್ಯಾಂಡ್’ ಮಾಡಿದಾಗ, ಆಲಿಸ್ ಆದವಳು ಅವನ ಸ್ಟುಡಿಯೋದಲ್ಲೇ ಫಿಲ್ಮಿನ ಕೆಲಸ ಮಾಡಿಕೊಂಡಿದ್ದ ಮೇ ಕ್ಲಾರ್ಕ್ ಎಂಬ ಹುಡುಗಿ. ಬಿಳಿ ಮೊಲವೂ ಅವನ ಹೆಂಡತಿಯೇ, ರಾಣಿಯೂ ಅವಳೇ. ಕಪ್ಪೆಮೋರೆಯ ಸೇವಕ ಸ್ವತಃ ಹೆಪ್‌ವರ್ತ್. ಮನೆಮಂದಿ ಸೇರಿ ಹಪ್ಪಳ ಒತ್ತಿದ ಹಾಗೆ ಸಿನಿಮಾ ಮಾಡುತ್ತಿದ್ದ ಕಾಲ ಅದು. ಆ ಗುಂಪುಗಳಲ್ಲಿ ರಂಗದ ಪಳಗಿದ ಕೈಗಳು ಬೆರಳೆಣಿಕೆಯಷ್ಟು. ಲಾರಾ ಅಂಥವಳು, ಬ್ರೈಟನ್ನಿನ ಹಾಸ್ಯನಟ ಟಾಮ್ ಗ್ರೀನ್ ಅಂಥವನು.

ಇವರಿಬ್ಬರೂ ಸೇರಿ ಮಾಡಿದ ಒಂದು ಚಿಕ್ಕ ಚಿತ್ರವಿದೆ, 1897ರದು, ಪೂರ್ತಿ ಒಂದು ನಿಮಿಷವೂ ಇಲ್ಲ. ಹೆಸರು ‘ದಿ ಎಕ್ಸ್ ರೇಸ್’. ರಾಂಟ್‌ಜೆನ್ ಕ್ಷಕಿರಣ ಕಂಡುಹಿಡಿದದ್ದು 1895ರ ಕೊನೆಯಲ್ಲಿ. ತನ್ನ ಹೆಂಡತಿಯ ಕೈಯ ಎಲುಬುಗಳನ್ನು, ಅದರ ಮೇಲಿನ ಉಂಗುರವನ್ನು ಅವನು ಪಟ ತೆಗೆದು ತೋರಿಸಿದ ಸುದ್ದಿ ಲೋಕವನ್ನೆಲ್ಲ ಸುತ್ತಿ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಚಿತ್ರದಲ್ಲಿ ಪ್ರೇಮಿಗಳಿಬ್ಬರು ಬೆಂಚಿನ ಮೇಲೆ ಕೂತಿದ್ದಾರೆ. ಒಬ್ಬ ಪಂಡಿತ ಪೆಟ್ಟಿಗೆ ಹಿಡಿದುಕೊಂಡು ಬಂದು ಅವರತ್ತ ತಿರುಗಿಸುತ್ತಾನೆ. ಕಣ್ಣೆವೆ ಮುಚ್ಚುವುದರೊಳಗೆ ಇಬ್ಬರೂ ಅಸ್ಥಿಪಂಜರ. ಅವಳ ಛತ್ರಿಯ ಬಟ್ಟೆ ಮಾಯವಾಗಿ ಬರಿ ಕಡ್ಡಿಗಳು. ಎಲುಬುಗಳು ಎಲುಬುಗಳನ್ನು ಓಲೈಸುತ್ತಲೇ ಇವೆ. ಕರಿ ಬಟ್ಟೆಯ ಮೇಲೆ ಬಿಳಿ ಎಲುಬು ಬರೆದು ಉಡಿಸಿ, ನಡುವೆ ಕ್ಯಾಮೆರಾ ನಿಲ್ಲಿಸಿ ಮತ್ತೆ ತಿರುಗಿಸಿದ ಆಟ, ಅಷ್ಟೆ. ಅದರ ಉಪಾಯ ತಿಳಿದ ಮೇಲೂ ನನ್ನ ಬೆರಗು ಕುಂದಿಲ್ಲ. ಅವಳು ಎದ್ದು ಹೋಗಿ ಉಡುಪು ಬದಲಿಸಿಕೊಂಡು ಬಂದು, ಬಿಟ್ಟ ಜಾಗದಲ್ಲೇ, ಬಿಟ್ಟ ಭಂಗಿಯಲ್ಲೇ, ಬಿಟ್ಟ ನಾಚಿಕೆಯನ್ನೇ ಮುಂದುವರಿಸಿದ್ದಾಳೆ. ನಾಟಕದಲ್ಲಿ ಭಾವ ಒಂದು ಹೊಳೆ. ಒಮ್ಮೆ ಹರಿಯತೊಡಗಿದರೆ ಅಂಕ ಮುಗಿಯುವವರೆಗೂ ಹರಿಯುತ್ತದೆ. ಇಲ್ಲಿ ಹೊಳೆಯನ್ನು ತುಂಡರಿಸಿ ತಂಬಿಗೆಯಲ್ಲಿಟ್ಟು ಮತ್ತೆ ಹರಿಸಬೇಕು. ಈಗಿನ ನಟರಿಗೆ ಇದು ದಿನದ ಕೂಲಿ. 1897ರಲ್ಲಿ ಇದನ್ನು ಮಾಡಿದವರು ಲೋಕದಲ್ಲೇ ಎಷ್ಟು ಮಂದಿ ಇದ್ದಾರು!

1899ರಲ್ಲಿ ಗಂಡಹೆಂಡಿರಿಬ್ಬರೂ ಸೇರಿ ‘ದಿ ಕಿಸ್ ಇನ್ ದಿ ಟನಲ್’ ಮಾಡಿದರು. ಬಣ್ಣ ಬಳಿದ ರೈಲುಡಬ್ಬಿ, ಒಳಗೆ ಒಬ್ಬ ಗಂಡಸು, ಒಬ್ಬ ಹೆಂಗಸು. ಸುರಂಗದ ಕತ್ತಲು ಬಂದದ್ದೇ ತಡ, ಅವನು ಎದ್ದು ಮುತ್ತಿಡುತ್ತಾನೆ. ಬೆಳಕು ಬರುವಾಗ ಇಬ್ಬರೂ ಏನೂ ಆಗದವರ ಹಾಗೆ ಕೂತಿದ್ದಾರೆ. ಇದನ್ನು ಒಂಟಿಯಾಗಿ ತೋರಿಸಲೆಂದು ಮಾಡಿದ್ದಲ್ಲ. ಆ ಕಾಲದಲ್ಲಿ ಫಿಲ್ಮನ್ನು ಬಾಡಿಗೆಗೆ ಕೊಡುತ್ತಿರಲಿಲ್ಲ, ಅಡಿ ಲೆಕ್ಕದಲ್ಲಿ ಮಾರುತ್ತಿದ್ದರು. ರೈಲಿನ ಮುಂದೆ ಕ್ಯಾಮೆರಾ ಕಟ್ಟಿ ತೆಗೆದ ಪ್ರಯಾಣದ ಚಿತ್ರಗಳು ಜಾತ್ರೆ, ಮ್ಯೂಸಿಕ್ ಹಾಲುಗಳಲ್ಲಿ ಜನಪ್ರಿಯವಾಗಿದ್ದವು. ರೈಲು ಸುರಂಗ ಹೊಕ್ಕ ಕಡೆ ಕತ್ತರಿಸಿ ಈ ಮುತ್ತನ್ನು ನಡುವೆ ಅಂಟಿಸಿ, ಆಮೇಲೆ ಸುರಂಗದಿಂದ ರೈಲನ್ನು ಹೊರತನ್ನಿ ಎಂಬುದು ಆಟ ತೋರಿಸುವವರಿಗೆ ಸ್ಮಿತ್ ಕೊಟ್ಟ ಸಲಹೆ. ಅಂದರೆ ಲಾರಾ ಆ ದಿನ ನಟಿಸಿದ್ದು ತಾನು ಹತ್ತದ ರೈಲಿನೊಳಗೆ. ಬೇರೆ ಯಾರೋ, ಬೇರೆ ಎಲ್ಲೋ ತೆಗೆದ ಕತ್ತಲೊಂದು ತನ್ನ ಸುತ್ತ ಮುಂದೆ ಎಂದಾದರೂ ಕವಿಯುತ್ತದೆ ಎಂದು ನಂಬಿ, ಹಾಡುಹಗಲಿನಲ್ಲಿ ಕತ್ತಲನ್ನು ನಟಿಸಿದ್ದಾಳೆ.

ಅದರ ಮರುವರ್ಷ, 1900ರಲ್ಲಿ, ಸ್ಮಿತ್ ‘ಗ್ರ್ಯಾಂಡ್‌ಮಾಸ್ ರೀಡಿಂಗ್ ಗ್ಲಾಸ್’ ತೆಗೆದ. ಒಬ್ಬ ಹುಡುಗ ಅಜ್ಜಿಯ ಭೂತಗನ್ನಡಿ ಇಸಿದುಕೊಂಡು ಸಿಕ್ಕಸಿಕ್ಕದ್ದನ್ನೆಲ್ಲ ನೋಡುತ್ತಾನೆ. ಗಡಿಯಾರದ ಒಳಗಣ ಚಕ್ರಗಳು, ಪಂಜರದ ಹಕ್ಕಿ, ಬೆಕ್ಕಿನ ಮರಿ. ಒಮ್ಮೆ ಅಜ್ಜಿಯ ಕಣ್ಣು. ಕಪ್ಪು ಚೌಕಟ್ಟಿನ ದುಂಡು ಕಿಂಡಿಯಲ್ಲಿ ಆ ಒಂದೇ ಕಣ್ಣು ಇಡೀ ಪರದೆಯಷ್ಟಾಗಿ ಅತ್ತಿತ್ತ ಹೊರಳುತ್ತದೆ. ಮೊದಲ ಸಲ ಅದನ್ನು ನೋಡಿದಾಗ ನಾನು ಕುರ್ಚಿಯಲ್ಲಿ ತುಸು ಹಿಂದಕ್ಕೆ ಸರಿದೆ. ಎಷ್ಟು ಹತ್ತಿರ! ಎದುರಿಗೆ ಕೂತವರ ಕಣ್ಣನ್ನು ಅಷ್ಟು ಹತ್ತಿರದಿಂದ ನೋಡಲು ನಮ್ಮ ಮರ್ಯಾದೆ ಒಪ್ಪುವುದಿಲ್ಲ. ತಾಯಿ ಕೂಸನ್ನು ನೋಡುವಾಗ, ಕಣ್ಣಿಗೆ ಬಿದ್ದ ಕಸ ತೆಗೆಯುವಾಗ, ಹೀಗೆ ಒಂದೆರಡು ಹೊತ್ತಿನಲ್ಲಿ ಮಾತ್ರ ನಮಗೆ ಆ ದೂರ ಸಲ್ಲುತ್ತದೆ. ಸಿನಿಮಾ ಅದನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು.

ಹತ್ತಿರದ ಚಿತ್ರಿಕೆ ಯಾರು ಮೊದಲು ತೆಗೆದರು ಎಂಬ ವಾದ ಇತಿಹಾಸಕಾರರದು, ನನಗೆ ಅದರಲ್ಲಿ ಆಸಕ್ತಿ ಕಡಿಮೆ. ನನ್ನ ಯೋಚನೆ ಆ ದೂರದಲ್ಲಿ ನಿಂತ ನಟಿಯದು. ರಂಗದ ಮೇಲೆ ಹಿಂದಿನ ಸಾಲಿನವನಿಗೂ ಕಾಣಲೆಂದು ಕೈ ಬೀಸಿ, ಹುಬ್ಬು ಹಾರಿಸಿ, ಕಂಠ ಎತ್ತಿ ಕಲಿತವಳು. ಈಗ ಕಂಠ ಬೇಕಿಲ್ಲ, ಕೈ ಚೌಕಟ್ಟಿನ ಹೊರಗೆ ಹೋಯಿತು, ಉಳಿದದ್ದು ಮುಖ. ‘ಮೇರಿ ಜೇನ್ಸ್ ಮಿಸ್‌ಹ್ಯಾಪ್’ ಚಿತ್ರದಲ್ಲಿ ಕ್ಯಾಮೆರಾ ಒಮ್ಮೆ ದೂರದಿಂದ ಇಡೀ ಅಡುಗೆಮನೆ ತೋರಿಸುತ್ತದೆ, ಒಮ್ಮೆ ಹತ್ತಿರ ಬಂದು ಅವಳ ಸೊಂಟದಿಂದ ಮೇಲಿನದಷ್ಟನ್ನೇ ತೋರಿಸುತ್ತದೆ, ಮತ್ತೆ ಹಿಂದೆ ಸರಿಯುತ್ತದೆ. ದೂರದಲ್ಲಿ ಅವಳು ಪ್ಯಾಂಟೊಮೈಮಿನ ಕೆಲಸದವಳು, ಮೈಯೆಲ್ಲ ಕುಣಿಯುತ್ತದೆ. ಹತ್ತಿರ ಬಂದಾಗ ಗತ್ತು ಬದಲಾಗುತ್ತದೆ. ಮೀಸೆಯನ್ನು ಕಂಡು ಅವಳು ನಗುವುದು ಅವಳಿಗಾಗಿ. ನಾವು ಕದ್ದು ನೋಡಿದ ಹಾಗೆ. ಮರುಗಳಿಗೆ, ನೀವು ಅಲ್ಲಿರುವುದು ನನಗೆ ಗೊತ್ತು ಎನ್ನುವಂತೆ ಕಣ್ಣು ಹೊಡೆಯುತ್ತಾಳೆ. ಒಂಟಿತನವನ್ನೂ ಸಹವಾಸವನ್ನೂ ಅವಳು ಒಂದೇ ಉಸಿರಿನಲ್ಲಿ ಆಡಿ ತೋರಿಸುತ್ತಾಳೆ. ನೂರಿಪ್ಪತ್ತು ವರ್ಷಗಳ ಸಿನಿಮಾ ನಟನೆಯಲ್ಲಿ ನಾನು ಕಂಡ ಅಷ್ಟಿಷ್ಟರಲ್ಲಿ ಇದಕ್ಕಿಂತ ಹಗುರವಾಗಿ, ಇದಕ್ಕಿಂತ ಖಚಿತವಾಗಿ ಆ ಗೆರೆ ದಾಟಿದವರು ಹೆಚ್ಚಿಲ್ಲ ಎಂದೇ ನನ್ನ ಅಭಿಪ್ರಾಯ.

ಆ ಗೆರೆಯನ್ನು ಇನ್ನೊಂದು ರೀತಿ ದಾಟಿದವನೊಬ್ಬ ಅದೇ ಹೋವ್ ಊರಿನಲ್ಲಿದ್ದ. ಔಷಧಿ ಅಂಗಡಿಯಿಂದ ಸಿನಿಮಾಕ್ಕೆ ಬಂದ ಜೇಮ್ಸ್ ವಿಲಿಯಮ್ಸನ್ 1901ರಲ್ಲಿ ತೆಗೆದ ‘ದಿ ಬಿಗ್ ಸ್ವಾಲೋ’ ಚಿತ್ರದ ನಟ ಸ್ಯಾಮ್ ಡಾಲ್ಟನ್. ತನ್ನ ಚಿತ್ರ ತೆಗೆಯುತ್ತಿರುವುದಕ್ಕೆ ಸಿಟ್ಟಾದ ಗೃಹಸ್ಥನೊಬ್ಬ ಕ್ಯಾಮೆರಾದತ್ತಲೇ ನಡೆದುಬರುತ್ತಾನೆ. ಬಂದ, ಬಂದ, ಮುಖ ತುಂಬಿತು, ಬಾಯಿ ತೆರೆಯಿತು, ಪರದೆಯೆಲ್ಲ ಬಾಯಿಯ ಕತ್ತಲು. ಆ ಕತ್ತಲೊಳಗೆ ಕ್ಯಾಮೆರಾವೂ ಕ್ಯಾಮೆರಾದವನೂ ಬಿದ್ದು ಮುಳುಗುತ್ತಾರೆ. ಗೃಹಸ್ಥ ತೃಪ್ತಿಯಿಂದ ಜಗಿಯುತ್ತ ಹಿಂದೆ ಸರಿಯುತ್ತಾನೆ. ಯಶೋದೆ ಮಣ್ಣು ತಿಂದ ಮಗನ ಬಾಯಿ ತೆರೆಸಿ ನೋಡಿದ ಕತೆ ಕೇಳಿ ಬೆಳೆದ ನಮಗೆ ತೆರೆದ ಬಾಯಿಯೊಳಗೆ ಲೋಕವೊಂದು ಇರಬಹುದೆಂಬುದು ಹೊಸದಲ್ಲ. ಆದರೂ ಇಲ್ಲಿ ಮೈ ಜುಮ್ಮೆನ್ನುತ್ತದೆ, ಏಕೆಂದರೆ ನುಂಗಿಸಿಕೊಂಡವರು ನಾವು. ಡಾಲ್ಟನ್ ನೋಡುವವರನ್ನು ನುಂಗಿದ. ಲಾರಾ ಸಂಗಡ ಸೇರಿಸಿಕೊಂಡಳು. ನನ್ನ ಒಲವು ಲಾರಾಳ ಕಡೆಗೆ.

ಮಬ್ಬಿನ ಮಾತೊಂದನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಲಾರಾ ಮತ್ತು ಟಾಮ್ ಗ್ರೀನ್ 1900ರಲ್ಲಿ ನಟಿಸಿದ ‘ಲೆಟ್ ಮಿ ಡ್ರೀಮ್ ಅಗೇನ್’ ಚಿತ್ರದಲ್ಲಿ ಒಬ್ಬ ಗಂಡಸು ವೇಷಭೂಷಣದ ಔತಣದಲ್ಲಿ ತರುಣಿಯೊಬ್ಬಳ ಜೊತೆ ಕುಡಿದು ನಲಿಯುತ್ತಿದ್ದಾನೆ. ನೋಡನೋಡುತ್ತ ಚಿತ್ರ ಮಸುಕಾಗಿ ಕರಗುತ್ತದೆ. ಮಸುಕಿನಿಂದಲೇ ಇನ್ನೊಂದು ಚಿತ್ರ ತಿಳಿಯಾಗುತ್ತದೆ: ಅವನು ಮನೆಯ ಹಾಸಿಗೆಯಲ್ಲಿ, ಪಕ್ಕದಲ್ಲಿ ಹೆಂಡತಿ. ಗಾಜಿನ ಮಸೂರವನ್ನು ತಿರುಗಿಸಿ ಮಬ್ಬು ಮಾಡುವುದು ಆವರೆಗೆ ಕೈತಪ್ಪು ಅನ್ನಿಸಿಕೊಳ್ಳುತ್ತಿತ್ತು. ಆ ತಪ್ಪನ್ನೇ ಸ್ಮಿತ್ ನಿದ್ದೆಗೂ ಎಚ್ಚರಕ್ಕೂ ನಡುವಿನ ಹೊಸ್ತಿಲು ಮಾಡಿದ. ಕನಸು ಹರಿಯುವುದು ಹೀಗೆಯೇ ಎಂದು ನೋಡಿದ ಯಾರಿಗೂ ವಿವರಿಸಬೇಕಾಗಲಿಲ್ಲ. ಎಲ್ಲರೂ ಪ್ರತಿ ಬೆಳಗ್ಗೆ ಅದನ್ನು ತಮ್ಮ ಕಣ್ಣೊಳಗೇ ಕಂಡಿದ್ದರು.

ಮುಂದಿನದನ್ನು ಬೇಗ ಹೇಳಿಬಿಡಬಹುದು. ಸ್ಮಿತ್‌ನ ಮನಸ್ಸು ಕತೆಗಳಿಂದ ಬಣ್ಣದತ್ತ ಹೊರಳಿತು. ಕೆಂಪು ಹಸಿರು ಗಾಜುಗಳನ್ನು ಸುತ್ತಿಸಿ ಬಣ್ಣದ ಚಿತ್ರ ತೋರಿಸುವ ಕಿನೆಮಾಕಲರ್ ವಿಧಾನಕ್ಕೆ ಅವನು 1906ರಲ್ಲಿ ಪೇಟೆಂಟ್ ಪಡೆದ. 1909ರಲ್ಲಿ ಲಂಡನ್ನಿನ ಪ್ಯಾಲೇಸ್ ಥಿಯೇಟರಿನಲ್ಲಿ ಜನ ಅದನ್ನು ಕಂಡರು. 1911ರ ದೆಹಲಿ ದರ್ಬಾರಿನ ಆನೆ ಅಂಬಾರಿ, ರಾಜಮಹಾರಾಜರ ಬಣ್ಣಗಳನ್ನು ಚಾರ್ಲ್ಸ್ ಅರ್ಬನ್ ಹಿಡಿದು ಲಂಡನ್ನಿಗೆ ಒಯ್ದದ್ದು ಇದೇ ವಿಧಾನದಿಂದ. ಆಮೇಲೆ ಪೇಟೆಂಟಿನ ಮೇಲೆ ವ್ಯಾಜ್ಯ ಬಂತು, ಪೇಟೆಂಟ್ ಬಿದ್ದುಹೋಯಿತು. ಸ್ಮಿತ್ 1959ರವರೆಗೆ ಬದುಕಿದ್ದ. ಜಾರ್ಜ್ ಸದೂಲ್ ಎಂಬ ಫ್ರೆಂಚ್ ಇತಿಹಾಸಕಾರ 1940ರ ದಶಕದಲ್ಲಿ ಈ ಊರಿನ ಚಿತ್ರಕಾರರನ್ನೆಲ್ಲ ಸೇರಿಸಿ ‘ಬ್ರೈಟನ್ ಸ್ಕೂಲ್’ ಎಂದು ಕರೆದು ಲೋಕದ ಗಮನ ಸೆಳೆದಾಗ ಮುದುಕ ಸ್ಮಿತ್‌ನಿಗೆ ಗೌರವ ಸಿಕ್ಕಿತು, ಅವನನ್ನು ಹುಡುಕಿಕೊಂಡು ಬಂದು ಕೇಳುವವರೂ ಆದರು.

ಲಾರಾ 1938ರಲ್ಲೇ ಹೋಗಿಬಿಟ್ಟಿದ್ದಳು, ಬ್ರೈಟನ್ನಿನಲ್ಲಿಯೇ. ಆ ಹೊತ್ತಿಗೆ ಅವಳ ಊರಿನ ದೊಡ್ಡ ದೊಡ್ಡ ಚಿತ್ರಮಂದಿರಗಳಲ್ಲಿ ಪರದೆಯ ಮೇಲಿನ ಮುಖಗಳು ಮಾತಾಡುತ್ತಿದ್ದವು, ಹಾಡುತ್ತಿದ್ದವು. ಮನೆಯಷ್ಟು ದೊಡ್ಡ ಮುಖಗಳು. ಅವುಗಳಿಗೆ ಹೆಸರಿತ್ತು; ಹೆಸರು ದೀಪದ ಅಕ್ಷರಗಳಲ್ಲಿ ಬಾಗಿಲ ಮೇಲೆ ಉರಿಯುತ್ತಿತ್ತು. 76 ವರ್ಷದ ಆ ಮುದುಕಿಯ ಮುಖ ಹಿಂದೊಮ್ಮೆ ಹಾಗೆ ಬೆಳ್ಳಗೆ ಬೆಳಗಿತ್ತೆಂದು ಬೀದಿಯಲ್ಲಿ ಅವಳ ಪಕ್ಕ ನಡೆದವರಲ್ಲಿ ಎಷ್ಟು ಮಂದಿ ಬಲ್ಲರು? 1978ರಲ್ಲಿ ಜಗತ್ತಿನ ಚಿತ್ರಸಂಗ್ರಹಾಲಯಗಳವರೆಲ್ಲ ಬ್ರೈಟನ್ನಿನಲ್ಲೇ ಸಭೆ ಸೇರಿ, 1900ರಿಂದ 1906ರವರೆಗಿನ ನೂರಾರು ಚಿತ್ರಗಳನ್ನು ದಿನಗಟ್ಟಲೆ ಕೂತು ನೋಡಿದರು. ಹಳೆಯ ಚಿತ್ರಗಳೆಂದರೆ ಎಳಸು, ತೊದಲು ಎಂದು ತಳ್ಳಿಹಾಕುತ್ತಿದ್ದ ಕಾಲ ಅಲ್ಲಿಂದ ಬದಲಾಯಿತು. ಕ್ಯಾಮೆರಾ ಎಲ್ಲಿತ್ತು, ಎಲ್ಲಿ ಕತ್ತರಿಸಿದರು, ಒಂದು ತುಂಡಿನಿಂದ ಇನ್ನೊಂದಕ್ಕೆ ಹೇಗೆ ಹೋದರು ಎಂಬ ಚರ್ಚೆ ಗ್ರಂಥಗಳಷ್ಟು ಬೆಳೆಯಿತು. ಆ ತುಂಡುಗಳಲ್ಲಿ ನಿಂತು ಆಕಳಿಸಿದವಳ, ನಕ್ಕವಳ, ಕಣ್ಣು ಹೊಡೆದವಳ ಮಾತು ಆ ಗ್ರಂಥಗಳ ಅಂಚಿನಲ್ಲಿ ಉಳಿಯಿತು. ನನಗೆ ಇದು ನೋಯುತ್ತದೆ. ಸ್ಮಿತ್ ಕ್ಯಾಮೆರಾ ಹತ್ತಿರ ತಂದದ್ದು ನಿಜ. ತಂದಾಗ ಅಲ್ಲಿ ನೋಡಲು ಏನೋ ಇತ್ತಲ್ಲ, ಅದು ಲಾರಾ.

ಸೇಂಟ್ ಆನ್ಸ್ ವೆಲ್ ತೋಟ ಈಗಲೂ ಹೋವ್ ಊರಿನ ಸಾರ್ವಜನಿಕ ಉದ್ಯಾನ. ಮಕ್ಕಳು ಆಡುತ್ತಾರೆ, ಮುದುಕರು ಬಿಸಿಲು ಕಾಯುತ್ತಾರೆ.

ಹಳೆಯ ಚಿತ್ರ ನೋಡುವಾಗ ನಮಗೆ ಬರುವ ಭಾವವನ್ನು ಸಾಮಾನ್ಯವಾಗಿ ವಿಷಾದ ಎನ್ನುತ್ತೇವೆ. ಇವರೆಲ್ಲ ಈಗಿಲ್ಲ ಎಂಬ ವಿಷಾದ. ಮೇರಿ ಜೇನಳ ಮುಂದೆ ಕೂತಾಗ ನನಗೆ ಅದು ತಲೆಕೆಳಗಾಗಿ ಹೊಳೆಯಿತು. ಅವಳು ಕಣ್ಣು ಹೊಡೆದ ದಿನ ಇಲ್ಲದಿದ್ದವನು ನಾನು. ನನ್ನಜ್ಜಿಯೂ ಹುಟ್ಟಿರಲಿಲ್ಲ. ಅವಳು ಇದ್ದಳು, ಬೆಚ್ಚಗೆ, ತುಂಟಿಯಾಗಿ, ಮೇಲ್ದುಟಿಗೆ ಕರಿ ಹಚ್ಚಿಕೊಂಡು. ಇರುವವಳೊಬ್ಬಳು ಇಲ್ಲದವನೊಬ್ಬನ ಕಡೆ ತಿರುಗಿ, ‘ಯಜಮಾನರಿಗೆ ಹೇಳ್ಬೇಡ’ ಎಂದಳು. ಆ ಗುಟ್ಟನ್ನು ಕೇಳಿಸಿಕೊಳ್ಳಲೆಂದೇ ನಾನು ಮುಂದೆ ಹುಟ್ಟಿಬಂದೆನೇನೋ ಅನ್ನಿಸಿ ಮೈ ನವಿರೆದ್ದಿತು.

ಚಿತ್ರ ಸ್ಫೋಟದಲ್ಲಿ ಮುಗಿಯುವುದಿಲ್ಲ. ಆಮೇಲೆ ಸ್ಮಶಾನ ಬರುತ್ತದೆ, ಗೋರಿಕಲ್ಲು ಬರುತ್ತದೆ. ಪ್ಯಾರಫಿನ್ನಿನಿಂದ ಒಲೆ ಹೊತ್ತಿಸಿದವಳು ಇಲ್ಲಿದ್ದಾಳೆ ಎಂದು ಅದರ ಮೇಲೆ ಕೆತ್ತಿದೆ. ಶಾಂತಿಯಿಂದ ಮಲಗು ಎಂಬ ಇಂಗ್ಲಿಷ್ ಮಾತಿನಲ್ಲಿ ಒಂದೆರಡಕ್ಷರ ಆಚೀಚೆ ಮಾಡಿ ತುಂಡುತುಂಡಾಗಿ ಮಲಗು ಎಂದಿದ್ದಾರೆ. ನೋಡಲು ಬಂದ ಹೆಂಗಸರು ನಿಂತಿದ್ದಂತೆ ಗೋರಿಯಿಂದ ಮೇರಿ ಜೇನ್ ಏಳುತ್ತಾಳೆ. ಒಂದೇ ಫಿಲ್ಮಿನ ಮೇಲೆ ಎರಡು ಸಲ ಬೆಳಕು ಬಿಟ್ಟು ಮಾಡಿದ್ದು. ಅವಳ ಮೈಯ ಮೂಲಕ ಹಿಂದಿನದೆಲ್ಲ ಕಾಣುತ್ತದೆ. ಬಂದವರು ಎದ್ದುಬಿದ್ದು ಓಡುತ್ತಾರೆ. ಅವಳಿಗೆ ಅವರ ಗೊಡವೆಯಿಲ್ಲ. ಅವಳು ಏನನ್ನೋ ಹುಡುಕುತ್ತಿದ್ದಾಳೆ.

ಕಳೆದ ಮಳೆಗಾಲದಲ್ಲಿ ಅಮ್ಮನಿಗೆ ಇದನ್ನು ಮೊಬೈಲಿನಲ್ಲಿ ತೋರಿಸಿದೆ. ಅಮ್ಮನ ಹರೆಯವೆಲ್ಲ ರೇಷನ್ ಅಂಗಡಿಯ ಮುಂದೆ ಡಬ್ಬಗಳ ಸಾಲಿನಲ್ಲಿ ಕಳೆದದ್ದು. ತಿಂಗಳಿಗೆ ಕಾರ್ಡಿಗಿಷ್ಟು ಎಂದು ಅಳೆದು ಕೊಡುತ್ತಿದ್ದ ಸೀಮೆಎಣ್ಣೆಯನ್ನು ದೀಪಕ್ಕೆಷ್ಟು, ಸ್ಟೌಗೆಷ್ಟು ಎಂದು ಹಂಚಿ ತಿಂಗಳು ತೂಗಿಸಿದವಳು. ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದಳು. ಆಕಳಿಕೆಗೆ ನಕ್ಕಳು, ಮೀಸೆಗೆ ನಕ್ಕಳು. ಹೊಗೆಗೂಡಿನಿಂದ ಹಾರಿದಾಗ ‘ಅಯ್ಯೋ ಶಿವನೇ’ ಎಂದು ಬಾಯಿ ಮುಚ್ಚಿಕೊಂಡಳು. ದೆವ್ವವಾಗಿ ಎದ್ದು ಬಂದ ಮೇರಿ ಜೇನ್ ಬಿದ್ದಿದ್ದ ಪ್ಯಾರಫಿನ್ ಡಬ್ಬವನ್ನು ಹುಡುಕಿ ಎತ್ತಿಕೊಂಡು, ಅದರೊಂದಿಗೆ ಮತ್ತೆ ಮಣ್ಣಿಗಿಳಿದಳು.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಬಹಳ ಸಮಾಧಾನದಿಂದ ಅಂದಳು:

“ಮತ್ತಿನ್ನೇನು, ಎಣ್ಣೆ ಡಬ್ಬ ಬಿಟ್ಟು ಹೋಗಕ್ಕಾಗತ್ತಾ ಪಾಪ.”